ಮಳೆಗಾಲಕ್ಕೂ ಒಗ್ಗುವ ಫ್ರೇಮು: ಸೈಕಲ್ ಆಯ್ಕೆಯ ಮಾನದಂಡಗಳ ವಿಮರ್ಶೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರಾಗಿದ್ದಾರೆ. ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರ್. ಕಳೆದ ಬೇಸಿಗೆಯಲ್ಲಿ ಹೊಸ ಸೈಕಲ್ ಕೊಂಡು, ಅದನ್ನು ಏರಿಯೇ ನಮ್ಮ ಮನೆಗೆ ಬಂದರು. ದಿನವೂ ಶಾಲೆಗೆ ಹೋಗಬೇಕು, ರಜೆಯಲ್ಲಿ ಬ್ಯಾಗು ಕಟ್ಟಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಯ ಕಡೆಗೂ ಹೋಗಬೇಕು ಎಂಬುದು ಅವರ ಆಸೆ. "ಸರ್, ಬರೀ ಹತ್ತೂವರೆ ಕೆ.ಜಿ. ಎತ್ತಿ ನೋಡಿ" ಎಂದರು. ಎತ್ತಿ ನೋಡಿದೆ. ನಿಜಕ್ಕೂ ಹಗುರವಾಗಿತ್ತು. "ಮಡ್‌ಗಾರ್ಡ್ ಎಲ್ಲಿ ಕೂರುತ್ತೆ, ನೋಡಿದೆಯಾ?" ಎಂದು ಕೇಳಿದೆ. ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಕ್ಯಾರಿಯರ್ ಕಟ್ಟಲು ಒಂದು ತೂತೂ ಇರಲಿಲ್ಲ.

ಜೂನ್ ಎರಡನೆಯ ವಾರದಿಂದ ಆ ಸೈಕಲ್ ಜಗಲಿಯಲ್ಲಿ ನಿಂತಿತು. ಸುಮಾರು ನಾಲ್ಕು ತಿಂಗಳು ಅವರು ಬಸ್ಸಿನಲ್ಲಿ ಓಡಾಡಿದರು. ಒಂದು ತಿಂಗಳ ಸಂಬಳದ ದೊಡ್ಡ ಪಾಲನ್ನು ತೆತ್ತು ಕೊಂಡ ವಾಹನ ವರ್ಷದ ಮೂರನೆಯ ಒಂದು ಭಾಗ ಉಪಯೋಗಕ್ಕೆ ಬರದಿದ್ದರೆ ತಪ್ಪು ಯಾರದು? ಕೊಂಡವರದು ಎನ್ನುವುದು ಸುಲಭ. ಆದರೆ ಕೊಳ್ಳುವ ಮೊದಲು ಅವರು ಓದಿದ ವಿವರಪಟ್ಟಿಯಲ್ಲಿ, ಅಂಗಡಿಯಲ್ಲಿ ಕೇಳಿದ ಮಾತಿನಲ್ಲಿ ಇದ್ದದ್ದು ಮೂರೇ ಸಂಗತಿ: ಫ್ರೇಮು ಯಾವ ಲೋಹದ್ದು, ತೂಕ ಎಷ್ಟು, ಗೇರು ಎಷ್ಟು. ಈ ಮೂರು ಮಾನದಂಡಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚಿ, ಬಹೂಪಯೋಗಿ ಫ್ರೇಮನ್ನು ಗುರುತಿಸಲು ನಿಜವಾಗಿ ಯಾವುವು ಬೇಕು ಎಂದು ನೋಡುವುದೇ ಈ ಲೇಖನದ ಉದ್ದೇಶ.

ಫ್ರೇಮೇ ಏಕೆ?

ಸೈಕಲ್ಲಿನಲ್ಲಿ ಟೈರು, ಸೀಟು, ಹ್ಯಾಂಡಲ್, ಗೇರು, ಪೆಡಲ್ ಎಲ್ಲವನ್ನೂ ಮುಂದೆ ಬದಲಾಯಿಸಬಹುದು. ಬದಲಾಯಿಸಲಾಗದ್ದು ಫ್ರೇಮು ಒಂದೇ. ಅದು ಬಿಟ್ಟುಕೊಟ್ಟ ಜಾಗಕ್ಕಿಂತ ದಪ್ಪನೆಯ ಟೈರನ್ನು ಯಾರೂ ಹಾಕಲಾರರು. ಆದ್ದರಿಂದ ಫ್ರೇಮಿನ ಆಯ್ಕೆ ಎಂದರೆ ಮುಂದಿನ ಹತ್ತು ಹದಿನೈದು ವರ್ಷಗಳ ಸಾಧ್ಯತೆಗಳ ಆಯ್ಕೆ.

ಇಂದಿನ ಫ್ರೇಮಿನ ಮೂಲರೂಪ ಬಹಳ ಹಳೆಯದು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲಿನಲ್ಲಿ ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿ, ಚೈನು ಹಿಂಚಕ್ರವನ್ನು ತಿರುಗಿಸುತ್ತಿತ್ತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದರು. 1890ರ ಹೊತ್ತಿಗೆ ವಜ್ರಾಕೃತಿಯ ಫ್ರೇಮು ನೆಲೆಗೊಂಡಿತ್ತು. 1896ರಲ್ಲಿ ಆರ್ಚಿಬಾಲ್ಡ್ ಶಾರ್ಪ್ ಎಂಬ ಇಂಜಿನಿಯರ್ ಸೈಕಲ್ಲಿನ ವಿನ್ಯಾಸ ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಫ್ರೇಮಿನ ಮೇಲೆ ಬೀಳುವ ಬಲಗಳನ್ನು ವಿಶ್ಲೇಷಿಸಿದರು. ಸೇತುವೆಗಳಲ್ಲಿ ನಾವು ಕಾಣುವ ತ್ರಿಕೋನ ಜೋಡಣೆಯ ತತ್ತ್ವವೇ ಇಲ್ಲಿಯದೂ. ತ್ರಿಕೋನದ ಬಾಹುಗಳು ಬಹುಮಟ್ಟಿಗೆ ಒತ್ತಡವನ್ನೋ ಎಳೆತವನ್ನೋ ಉದ್ದಕ್ಕೆ ಹೊರುತ್ತವೆಯೇ ಹೊರತು ಬಾಗುವುದಿಲ್ಲ. ಈ ಸಂಗತಿ ಮೊದಲನೆಯ ಮಾನದಂಡವನ್ನು ಪರೀಕ್ಷಿಸಲು ಸಾಕು.

"ಉಕ್ಕು ಮೆತ್ತಗೆ, ಅಲ್ಯೂಮಿನಿಯಂ ಗಡಸು"

ಉಕ್ಕಿನ ಫ್ರೇಮು ಕುಲುಕನ್ನು ಹೀರಿಕೊಳ್ಳುತ್ತದೆ, ಅಲ್ಯೂಮಿನಿಯಂ ಫ್ರೇಮು ಬೆನ್ನು ನೋಯಿಸುತ್ತದೆ ಎಂಬ ಮಾತು ಸೈಕಲ್ ಪ್ರಿಯರ ನಡುವೆ ಬಹಳ ಪ್ರಚಲಿತ. ಲೆಕ್ಕ ಹಾಕೋಣ.

ಹಿಂಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನವರೆಗೆ ಹೋಗುವ ಎರಡು ಸಣ್ಣ ಕೊಳವೆಗಳನ್ನು ಗಮನಿಸಿ. ಪ್ರತಿಯೊಂದರ ಹೊರವ್ಯಾಸ 16 ಮಿ.ಮೀ., ಗೋಡೆಯ ದಪ್ಪ 1 ಮಿ.ಮೀ., ಉದ್ದ 500 ಮಿ.ಮೀ. ಎಂದಿಟ್ಟುಕೊಳ್ಳಿ. ಎರಡೂ ಸೇರಿ ಲೋಹದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 94 ಚದರ ಮಿ.ಮೀ. ಅವುಗಳ ಮೇಲೆ 600 ನ್ಯೂಟನ್ ಬಲ ಬಿದ್ದಿದೆ ಎನ್ನೋಣ. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್. ಬಲವನ್ನು ಉದ್ದದಿಂದ ಗುಣಿಸಿ, ವಿಸ್ತೀರ್ಣ ಮತ್ತು ಯಂಗ್ ಗುಣಾಂಕಗಳ ಗುಣಲಬ್ಧದಿಂದ ಭಾಗಿಸಿದರೆ ಕೊಳವೆ ಕುಗ್ಗುವ ಮೊತ್ತ ಸಿಗುತ್ತದೆ: 0.016 ಮಿ.ಮೀ. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಯಾದರೆ, ಅದರ ಗುಣಾಂಕ ಸುಮಾರು 70 ಗಿಗಾಪ್ಯಾಸ್ಕಲ್ ಆದ್ದರಿಂದ, 0.046 ಮಿ.ಮೀ.

ಇದೇ ಭಾರಕ್ಕೆ ಗಾಳಿ ತುಂಬಿದ ಟೈರು ನಾಲ್ಕೈದು ಮಿಲಿಮೀಟರ್ ತಗ್ಗುತ್ತದೆ. ಅಂದರೆ ಉಕ್ಕಿನ ಕೊಳವೆಗಿಂತ ಸುಮಾರು 250ರಿಂದ 300 ಪಟ್ಟು. ಮುಂದಿನ ಫೋರ್ಕು, ಸೀಟಿನ ಕಂಬ, ಸೀಟು ಇವು ಬಾಗುವುದೂ ಮಿಲಿಮೀಟರುಗಳಲ್ಲಿಯೇ. ಇವುಗಳ ಎದುರು ಹಿಂದಿನ ತ್ರಿಕೋನದ ಲೋಹ ಯಾವುದು ಎಂಬುದು ನಗಣ್ಯ. ಇನ್ನೂ ಒಂದು ಮಾತು: ಸಿದ್ಧಾಂತದ ಪ್ರಕಾರ ಒಂದೇ ಅಳತೆಯ ಕೊಳವೆಗಳಲ್ಲಿ ಹೆಚ್ಚು ಕುಗ್ಗುವುದು ಅಲ್ಯೂಮಿನಿಯಮ್ಮೇ, ಉಕ್ಕಲ್ಲ!

ಹಾಗಾದರೆ ಕೆಲವು ಅಲ್ಯೂಮಿನಿಯಂ ಸೈಕಲ್ಲುಗಳು ಗಡಸು ಎನಿಸುವುದೇಕೆ? ಅವುಗಳಿಗೆ ಹಾಕಿರುವ ತೆಳು ಟೈರು, ದಪ್ಪನೆಯ ಫೋರ್ಕು, ಹೆಚ್ಚಿನ ಗಾಳಿಯ ಒತ್ತಡ ಬಹುಪಾಲು ಕಾರಣ. 25 ಮಿ.ಮೀ. ಟೈರನ್ನು ತೆಗೆದು 38 ಮಿ.ಮೀ. ಟೈರನ್ನು ಹಾಕಿ, ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಯಾವ ಲೋಹದ ಫ್ರೇಮಾದರೂ ಮೆತ್ತಗಾಗುತ್ತದೆ. ಆದರೆ 38 ಮಿ.ಮೀ. ಟೈರು ಕೂರಲು ಫ್ರೇಮಿನಲ್ಲಿ ಜಾಗ ಬೇಕಲ್ಲ? ಕೇಳಬೇಕಾದ ಪ್ರಶ್ನೆ ಅದು.

ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂ ಇವುಗಳ ಯಂಗ್ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ತೂಕಕ್ಕೆ ತಕ್ಕ ದೃಢತೆಯಲ್ಲಿ ಲೋಹಗಳ ನಡುವೆ ದೊಡ್ಡ ಅಂತರವಿಲ್ಲ. ಅಂತರ ಬರುವುದು ಕೊಳವೆಯ ವ್ಯಾಸದಿಂದ. ತೆಳುಗೋಡೆಯ ಕೊಳವೆ ತಿರುಚಿಕೊಳ್ಳದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಗೋಡೆಯ ದಪ್ಪವನ್ನು ಹಾಗೆಯೇ ಇಟ್ಟು ವ್ಯಾಸವನ್ನು 28.6 ಮಿ.ಮೀ.ನಿಂದ 38 ಮಿ.ಮೀ.ಗೆ ಏರಿಸಿದರೆ ತೂಕ ಮೂರನೆಯ ಒಂದು ಭಾಗ ಹೆಚ್ಚುತ್ತದೆ, ತಿರುಚು ದೃಢತೆ 2.3 ಪಟ್ಟಿಗೂ ಹೆಚ್ಚಾಗುತ್ತದೆ. ಹಿಂದೆ ಹೊರೆ ಕಟ್ಟಿದಾಗ ಸೈಕಲ್ಲಿನ ಬಾಲ ಅಲ್ಲಾಡದಂತೆ ತಡೆಯುವುದು ಈ ಗುಣ.

ಲೋಹದ ಪ್ರಶ್ನೆ ಪೂರ್ತಿ ವ್ಯರ್ಥ ಎಂದಲ್ಲ. ಅದರ ಮಹತ್ವ ಬೇರೆ ಕಡೆ ಇದೆ. ಉಕ್ಕಿನ ಫ್ರೇಮು ಬಿರುಕು ಬಿಟ್ಟರೆ ತಾಲ್ಲೂಕು ಕೇಂದ್ರದ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿ ಊರು ಸೇರಬಹುದು. ಸೈಕಲ್ಲುಗಳಲ್ಲಿ ಬಳಸುವ 6061 ಅಲ್ಯೂಮಿನಿಯಂ ಮಿಶ್ರಲೋಹ ಬೆಸುಗೆಯ ಶಾಖಕ್ಕೆ ಸಿಕ್ಕ ಜಾಗದಲ್ಲಿ ತನ್ನ ಬಲವನ್ನು ಅರ್ಧದಷ್ಟು ಕಳೆದುಕೊಳ್ಳುತ್ತದೆ. ಕುಲುಮೆಯಲ್ಲಿ ಮತ್ತೆ ಉಷ್ಣಸಂಸ್ಕಾರ ಮಾಡಿದರೆ ಮಾತ್ರ ಅದು ಮರಳುತ್ತದೆ. ಹಿಂದಿನ ಅಚ್ಚಿನ ಅಗಲ ಹೊಂದದಿದ್ದರೆ ಉಕ್ಕಿನ ಫ್ರೇಮನ್ನು ನಾಲ್ಕೈದು ಮಿ.ಮೀ. ಅಗಲಿಸಬಹುದು, ಅಲ್ಯೂಮಿನಿಯಮ್ಮನ್ನು ಹಾಗೆ ಬಗ್ಗಿಸಬಾರದು. ಮತ್ತೊಂದೆಡೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಸಣ್ಣ ದೋಷವಲ್ಲ. ಲೋಹದ ದಣಿವಿನ ವಿಚಾರದಲ್ಲಿ ಉಕ್ಕಿಗೆ ಒಂದು ಸುರಕ್ಷಿತ ಮಿತಿ ಇದೆ, ಅಲ್ಯೂಮಿನಿಯಮ್ಮಿಗೆ ಇಲ್ಲ ಎಂಬುದು ಪಠ್ಯದ ಮಾತು. ನಿಜವೇ. ಆದರೆ ಅದನ್ನು ಅರಿತ ವಿನ್ಯಾಸಕಾರ ಕೊಳವೆಯನ್ನು ದಪ್ಪ ಮಾಡಿರುತ್ತಾನೆ. ಚೆನ್ನಾಗಿ ರೂಪಿಸಿದ ಅಲ್ಯೂಮಿನಿಯಂ ಫ್ರೇಮು ಕೆಟ್ಟ ಉಕ್ಕಿನ ಫ್ರೇಮಿಗಿಂತ ಹೆಚ್ಚು ಬಾಳುತ್ತದೆ.

ಏಳುನೂರು ಗ್ರಾಂನ ಬೆಲೆ

ಎರಡನೆಯ ಮಾನದಂಡ ತೂಕ. ಪ್ರವಾಸಕ್ಕೆಂದು ಮಾಡಿದ ಉಕ್ಕಿನ ಫ್ರೇಮು ಹಗುರ ಫ್ರೇಮಿಗಿಂತ 700 ಗ್ರಾಂ ಹೆಚ್ಚು ತೂಗುತ್ತದೆ ಎನ್ನೋಣ. ಸವಾರ, ಸೈಕಲ್, ಸಾಮಾನು ಸೇರಿ 95 ಕಿ.ಗ್ರಾಂ. ಸೋಮೇಶ್ವರದಿಂದ ಆಗುಂಬೆಯ ಘಾಟಿ ಹತ್ತಿದರೆ ಏರುವ ಎತ್ತರ ಸುಮಾರು 500 ಮೀಟರ್. ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 4.65 ಲಕ್ಷ ಜೂಲ್. ಒಂದು ಗಂಟೆಯಲ್ಲಿ ಹತ್ತಬೇಕಾದರೆ ಇದಕ್ಕೇ ಸುಮಾರು 130 ವ್ಯಾಟ್ ಬೇಕು. ಈ 95 ಕಿ.ಗ್ರಾಂ.ನಲ್ಲಿ 700 ಗ್ರಾಂ ಎಂದರೆ ಶೇಕಡ 0.74. ಅಂದರೆ ಒಂದು ಗಂಟೆಯ ಏರಿನಲ್ಲಿ 27 ಸೆಕೆಂಡು.

ಪಂದ್ಯದಲ್ಲಿ 27 ಸೆಕೆಂಡಿಗೆ ಬೆಲೆ ಇದೆ. ಶಾಲೆಯ ಗಂಟೆಗೆ ಇಲ್ಲ. ಆ 27 ಸೆಕೆಂಡಿಗಾಗಿ ನಾವು ಬಿಟ್ಟುಕೊಡುವುದೇನು ಎಂದು ನೋಡಿದರೆ, ಅನೇಕ ಹಗುರ ಫ್ರೇಮುಗಳಲ್ಲಿ ಅದು ಮಡ್‌ಗಾರ್ಡು, ಕ್ಯಾರಿಯರು ಮತ್ತು ದಪ್ಪ ಟೈರು. ಗೇರಿನ ಸಂಖ್ಯೆಯನ್ನು ಕುರಿತು ಒಂದೇ ಮಾತು ಸಾಕು: ಗೇರು ಎಷ್ಟು ಎಂಬುದಕ್ಕಿಂತ ಅತ್ಯಂತ ಕೆಳಗಿನ ಗೇರು ಎಷ್ಟು ಹಗುರ ಎಂಬುದು ಮುಖ್ಯ. ಅದನ್ನಂತೂ ಮುಂದೆಯೂ ಬದಲಿಸಬಹುದು.

ನೋಡಬೇಕಾದ ಐದು ಅಳತೆಗಳು

ಮೊದಲನೆಯದು ಜಾಗ. 35 ಮಿ.ಮೀ. ಟೈರಿನ ಮೇಲೆ ಮಡ್‌ಗಾರ್ಡು ಕೂತು, ನಡುವೆ ಕೆಸರು ಸಿಕ್ಕಿಕೊಳ್ಳದಿರಬೇಕಾದರೆ ಟೈರು ಹಾಯುವ ಕಡೆಗಳಲ್ಲೆಲ್ಲ ಫ್ರೇಮಿನ ಮತ್ತು ಫೋರ್ಕಿನ ಒಳ ಅಗಲ ಕನಿಷ್ಠ 50 ಮಿ.ಮೀ. ಇರಬೇಕು. ನಾನೂ ಒಮ್ಮೆ ತೆಳು ಟೈರಿನ ಸೈಕಲ್ಲಿಗೆ ಮರುಳಾಗಿದ್ದೆ. ತೀರ್ಥಹಳ್ಳಿಯ ಆಚೆ ಜುಲೈ ತಿಂಗಳ ಮಣ್ಣು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಮ್ಮಣ್ಣು ಫೋರ್ಕಿಗೆ ಮೆತ್ತಿಕೊಂಡು ಚಕ್ರ ನಿಂತೇ ಹೋಯಿತು. ಕಡ್ಡಿಯಿಂದ ಕೆರೆಯುವುದು, ಹತ್ತು ಹೆಜ್ಜೆ ತಳ್ಳುವುದು, ಮತ್ತೆ ಕೆರೆಯುವುದು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆ. ಆಗ ಮಾತ್ರ ಅದರ ಹಗುರತನ ಉಪಯೋಗಕ್ಕೆ ಬಂತು.

ಎರಡನೆಯದು ತೂತುಗಳು. ಮಡ್‌ಗಾರ್ಡಿನ ಕಡ್ಡಿಗೆ ಒಂದು, ಕ್ಯಾರಿಯರಿಗೆ ಇನ್ನೊಂದು ಎಂದು ಹಿಂದಿನ ಅಚ್ಚಿನ ಬಳಿ ಎರಡು ಜೊತೆ ಮರೆಯ ತೂತುಗಳಿರಬೇಕು. ಫೋರ್ಕಿನ ಕೆಳಗೂ ಒಂದು ಜೊತೆ ಬೇಕು. ಇವುಗಳಿಗೆ ಕಾರ್ಖಾನೆಯಲ್ಲಿ ತಗಲುವ ಖರ್ಚು ತೀರಾ ಕಡಿಮೆ. ಇಲ್ಲದಿದ್ದರೆ ಕ್ಲಾಂಪು, ತಂತಿ, ಹಗ್ಗಗಳ ಪಾಡು.

ಮೂರನೆಯದು ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿನವರೆಗಿನ ಉದ್ದ. ಪಂದ್ಯದ ಸೈಕಲ್ಲಿನಲ್ಲಿ ಇದು ಸುಮಾರು 405ರಿಂದ 415 ಮಿ.ಮೀ., ಪ್ರವಾಸದ ಸೈಕಲ್ಲಿನಲ್ಲಿ 440ರಿಂದ 460 ಮಿ.ಮೀ. ಉದ್ದ ಕಡಿಮೆಯಾದರೆ ತುಳಿಯುವಾಗ ಹಿಮ್ಮಡಿ ಪಕ್ಕದ ಚೀಲಕ್ಕೆ ತಗಲುತ್ತದೆ. ತಗಲದಂತೆ ಚೀಲವನ್ನು ಹಿಂದೆ ಸರಿಸಿದರೆ ಹೊರೆಯ ಗುರುತ್ವಕೇಂದ್ರ ಅಚ್ಚಿಗಿಂತ ಹಿಂದೆ ಬೀಳುತ್ತದೆ. ಸನ್ನೆಕೋಲಿನ ನಿಯಮದಂತೆ ಮುಂಚಕ್ರದ ಭಾರ ಕಡಿಮೆಯಾಗಿ, ಕಡಿದಾದ ಏರಿನಲ್ಲಿ ಹ್ಯಾಂಡಲ್ ಅತ್ತಿತ್ತ ಹೊಯ್ದಾಡುತ್ತದೆ.

ನಾಲ್ಕನೆಯದು ಹ್ಯಾಂಡಲ್ ಕೊಳವೆಯ ಓರೆ ಮತ್ತು ಫೋರ್ಕಿನ ಬಾಗು. ಹ್ಯಾಂಡಲ್ ತಿರುಗುವ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು, ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಚಕ್ರದ ತ್ರಿಜ್ಯ 340 ಮಿ.ಮೀ., ಅಕ್ಷದ ಓರೆ 72 ಡಿಗ್ರಿ, ಫೋರ್ಕಿನ ಬಾಗು 45 ಮಿ.ಮೀ. ಆದರೆ ಟ್ರೇಲ್ 63 ಮಿ.ಮೀ. ಓರೆ 70 ಡಿಗ್ರಿಯಾದರೆ 76 ಮಿ.ಮೀ. ಎರಡೇ ಡಿಗ್ರಿಗೆ 13 ಮಿಲಿಮೀಟರ್ ವ್ಯತ್ಯಾಸ! ಟ್ರೇಲ್ ತೀರಾ ಹೆಚ್ಚಾದರೆ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಾನಾಗಿ ಒಂದು ಕಡೆ ವಾಲುತ್ತದೆ, ತೀರಾ ಕಡಿಮೆಯಾದರೆ ವೇಗದಲ್ಲಿ ಚಂಚಲವಾಗುತ್ತದೆ. ದಿನಬಳಕೆಗೂ ಪ್ರವಾಸಕ್ಕೂ 55ರಿಂದ 65 ಮಿ.ಮೀ. ನೆಮ್ಮದಿಯದು. ಸೈಕಲ್ ಬೀಳದಿರುವುದು ಚಕ್ರಗಳ ಗೈರೋಸ್ಕೋಪ್ ಪರಿಣಾಮದಿಂದಲೇ ಎಂದು ನಾವು ತರಗತಿಯಲ್ಲಿ ಹೇಳುವುದುಂಟು. ಆ ವಿವರಣೆ ಸಾಲದೆಂದು ಡೇವಿಡ್ ಜೋನ್ಸ್ 1970ರಲ್ಲಿಯೇ ತೋರಿಸಿ, ಟ್ರೇಲಿಗೆ ಪ್ರಾಮುಖ್ಯ ಕೊಟ್ಟರು. ಗೈರೋಸ್ಕೋಪ್ ಪರಿಣಾಮ, ಟ್ರೇಲ್ ಎರಡೂ ಇಲ್ಲದೆ ತಾನಾಗಿ ಸ್ಥಿರವಾಗಿ ಚಲಿಸುವ ಸೈಕಲ್ ಸಾಧ್ಯ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ಪ್ರಯೋಗಸಹಿತ ತೋರಿಸಿತು. ಆದ್ದರಿಂದ ಟ್ರೇಲ್ ಒಂದೇ ಅಂತಿಮ ಸತ್ಯವಲ್ಲ. ಆದರೂ ಒಂದೇ ಬಗೆಯ ಸೈಕಲ್ಲುಗಳನ್ನು ಹೋಲಿಸಲು ಅದು ಒಳ್ಳೆಯ ಅಳತೆ.

ಐದನೆಯದು ಬ್ರೇಕಿನ ನೆಲೆ. ಇದು ಜೀವದ ಪ್ರಶ್ನೆ. ಘಾಟಿ ಹತ್ತುವಾಗ ಗಳಿಸಿದ 4.65 ಲಕ್ಷ ಜೂಲ್ ಇಳಿಯುವಾಗ ಗಾಳಿಯ ತಡೆಗೂ ಬ್ರೇಕಿಗೂ ಹಂಚಿಹೋಗಬೇಕು. ಎರಡು ಅಲ್ಯೂಮಿನಿಯಂ ರಿಮ್ಮುಗಳ ತೂಕ ಒಂದು ಕಿ.ಗ್ರಾಂ. ಎಂದಿಟ್ಟುಕೊಂಡು, ಪೂರ್ತಿ ಶಕ್ತಿ ಅವುಗಳಿಗೇ ಹೋಯಿತು, ಗಾಳಿ ತಣಿಸಲಿಲ್ಲ ಎಂದರೆ ಉಷ್ಣತೆ 500 ಡಿಗ್ರಿಗೂ ಮಿಕ್ಕಿ ಏರಬೇಕು! ಗಾಳಿ ತಣಿಸುವುದರಿಂದ ನಾವು ಬದುಕಿದ್ದೇವೆ. ಮಳೆಯಲ್ಲಿ ಸಮಸ್ಯೆ ಬೇರೆ. ರಿಮ್ಮಿನ ಮೇಲಿನ ನೀರಿನ ಪೊರೆ ಘರ್ಷಣೆಯನ್ನು ಕುಂದಿಸುತ್ತದೆ. ಕ್ರೋಮಿಯಂ ಲೇಪಿಸಿದ ಉಕ್ಕಿನ ರಿಮ್ಮಿನಲ್ಲಿ ಬ್ರೇಕಿನ ಬಲ ಒಣಗಿದ್ದಾಗಿನ ಒಂದು ಸಣ್ಣ ಭಾಗಕ್ಕೆ ಇಳಿದುಬಿಡುತ್ತದೆ. ಅಲ್ಯೂಮಿನಿಯಂ ರಿಮ್ಮು ವಾಸಿ. ಡಿಸ್ಕ್ ಬ್ರೇಕು ನೆಲದ ನೀರು, ಕೆಸರಿನಿಂದ ದೂರವಿರುವುದರಿಂದ ಇನ್ನೂ ವಾಸಿ. ಆದರೆ ಡಿಸ್ಕ್ ಬ್ರೇಕಿಗೆ ಬೇಕಾದ ನೆಲೆ ಫ್ರೇಮಿನಲ್ಲಿಯೇ ಇರಬೇಕು. ಆಮೇಲೆ ಬೆಸೆಯುವುದು ಕ್ಷೇಮವಲ್ಲ.

ಮೂರು ಫ್ರೇಮುಗಳು, ಮೂರು ತೀರ್ಪು

ಈ ಐದು ಅಳತೆಗಳಿಂದ ನಮ್ಮ ಸುತ್ತಲಿನ ಸೈಕಲ್ಲುಗಳನ್ನು ತೂಗೋಣ.

ನಮ್ಮ ತಂದೆಯ ಕಾಲದ, 28 ಇಂಚು ಚಕ್ರದ ಕಪ್ಪು ಸೈಕಲ್ಲನ್ನು ಹಳತೆಂದು ಹೀಗಳೆಯುವವರು ಮೊದಲ ಮೂರು ಅಳತೆಗಳಲ್ಲಿ ಅದು ಪೂರ್ಣಾಂಕ ಪಡೆಯುತ್ತದೆ ಎಂಬುದನ್ನು ಮರೆಯುತ್ತಾರೆ. ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಸ್ಟ್ಯಾಂಡು ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಹಿಂದಿನ ಅಚ್ಚು ಕೂರುವ ಸೀಳು ಉದ್ದವಾಗಿರುವುದರಿಂದ ಸಡಿಲಾದ ಚೈನನ್ನು ಚಕ್ರ ಎಳೆದು ಬಿಗಿ ಮಾಡಬಹುದು. ಭತ್ತದ ಮೂಟೆಯಿಂದ ಹಾಲಿನ ಕ್ಯಾನಿನವರೆಗೆ ಅದು ಹೊರದ ವಸ್ತುವಿಲ್ಲ. ಅದು ಸೋಲುವುದು ಐದನೆಯ ಅಳತೆಯಲ್ಲಿ. ಸಲಾಕೆಯ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುತ್ತದೆ, ರಿಮ್ಮು ಕ್ರೋಮಿಯಂ ಉಕ್ಕಿನದು. 1990ರ ಸುಮಾರಿಗೆ, ನಾನು ಎಂ.ಎಸ್ಸಿ. ವಿದ್ಯಾರ್ಥಿಯಾಗಿದ್ದಾಗ, ಮೊದಲ ಮಳೆಯ ದಿನ ಇಳಿಜಾರಿನಲ್ಲಿ ಎರಡೂ ಬ್ರೇಕು ಹಿಡಿದರೂ ನಿಲ್ಲದೆ ಚರಂಡಿಗೆ ಬಿದ್ದು ಮೊಣಕೈ ಮುರಿದುಕೊಂಡೆ. ಘರ್ಷಣಾಂಕದ ಪಾಠ ಅಂದಿನಿಂದ ನನಗೆ ಮರೆತಿಲ್ಲ. ಜೊತೆಗೆ ಆ ಚಕ್ರದ ಟೈರಿನ ಅಳತೆ ಬೇರೆಯಾದ್ದರಿಂದ ಇಂದಿನ ಅಲ್ಯೂಮಿನಿಯಂ ರಿಮ್ಮುಗಳ ಆಯ್ಕೆ ಬಹಳ ಕಡಿಮೆ.

ಎರಡನೆಯದು ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ರಿಂಗ್ ಫೋರ್ಕಿನ ಅಲ್ಯೂಮಿನಿಯಂ ಹೈಬ್ರಿಡ್. ಇದರ ಫ್ರೇಮು ಒಳ್ಳೆಯದೇ: ಅಗಲ ಟೈರಿಗೆ ಜಾಗ, ಡಿಸ್ಕಿನ ನೆಲೆ, ಬಹುತೇಕ ತೂತುಗಳೂ ಇರುತ್ತವೆ. ದೋಷ ಮುಂದಿನ ಫೋರ್ಕಿನಲ್ಲಿದೆ. ಕಡಿಮೆ ಬೆಲೆಯ ಸ್ಪ್ರಿಂಗ್ ಫೋರ್ಕು ಎರಡು ಕಿ.ಗ್ರಾಂ.ಗೂ ಹೆಚ್ಚು ತೂಗುತ್ತದೆ, ಮೂರು ಮಳೆಗಾಲದಲ್ಲಿ ಅದರ ಒಳಕೊಳವೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಅದು ಮಾಡುವ ಕೆಲಸದ ಬಹುಪಾಲನ್ನು ಅಗಲವಾದ ಟೈರು ಮಾಡುತ್ತದೆ. ಇದೇ ಫ್ರೇಮು ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕಿನೊಂದಿಗೆ ಸಿಕ್ಕರೆ, ಮಧ್ಯಮ ವರ್ಗದ ಜೇಬಿಗೆ ಅದೇ ಅತ್ಯುತ್ತಮ ಆಯ್ಕೆ ಎಂಬುದು ನನ್ನ ತೀರ್ಪು.

ಮೂರನೆಯದು ಪ್ರವಾಸಕ್ಕೆಂದೇ ಮಾಡಿದ ಕ್ರೋಮಿಯಂ–ಮಾಲಿಬ್ಡಿನಂ ಉಕ್ಕಿನ ಫ್ರೇಮು. ಐದೂ ಅಳತೆಗಳಲ್ಲಿ ಗೆಲ್ಲುತ್ತದೆ. ಬೆಲೆಯಲ್ಲಿ ಸೋಲುತ್ತದೆ. ಹೊರೆಯಿಲ್ಲದೆ ಸುಮ್ಮನೆ ಊರು ಸುತ್ತುವಾಗ ಕೊಂಚ ಜಡ ಎನಿಸುವುದೂ ಉಂಟು. ಇದನ್ನು ಕೊಂಡವರು ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿ, ಮಳೆಗಾಲಕ್ಕೆ ಮೊದಲು ಕೊಳವೆಗಳ ಒಳಗೆ ಎಣ್ಣೆ ಸಿಂಪಡಿಸಬೇಕು. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಕಂಬ ನೀರಿನ ಸಮಕ್ಷಮದಲ್ಲಿ ಒಂದು ಪುಟ್ಟ ವಿದ್ಯುತ್ಕೋಶವಾಗಿ ಕಚ್ಚಿಕೊಳ್ಳುತ್ತದೆ.

ಎಲ್ಲಕ್ಕೂ ಒಗ್ಗುವ ಫ್ರೇಮು ಯಾವುದರಲ್ಲಿಯೂ ಮೊದಲನೆಯದಾಗುವುದಿಲ್ಲ ಎಂಬ ಆಕ್ಷೇಪಣೆ ಇದೆ. ಒಪ್ಪಬೇಕಾದ ಮಾತೇ. ಮೂರು ಸೈಕಲ್ ಇಟ್ಟುಕೊಳ್ಳುವ ಅನುಕೂಲ ಇದ್ದವರು ಮೂರು ಇಟ್ಟುಕೊಳ್ಳಲಿ. ಒಂದೇ ಸೈಕಲ್ ಇರುವವರಿಗೆ ಸರಿಯಾದ ಅಳತೆಗೋಲು ವೇಗವಲ್ಲ, ವರ್ಷದಲ್ಲಿ ಅದು ಎಷ್ಟು ದಿನ ರಸ್ತೆಗೆ ಇಳಿಯುತ್ತದೆ ಎಂಬುದು.

ಶಾಲೆಯ ಅಂಗಳದಲ್ಲೊಂದು ಪ್ರಯೋಗ

2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಈಗಲೂ ಸೈಕಲ್ ತುಳಿದೇ ಶಾಲೆಗೆ ಬರುತ್ತಾರೆ. ಆ ಸೈಕಲ್ಲುಗಳೇ ನಮ್ಮ ಪ್ರಯೋಗಶಾಲೆಯಾಗಲಿ. ಒಂದು ಉದ್ದ ಕೋಲು, ತೂಗುಗುಂಡು, ಅಳತೆ ಟೇಪು ಇದ್ದರೆ ಸಾಕು. ಸೈಕಲ್ಲನ್ನು ನೇರವಾಗಿ ನಿಲ್ಲಿಸಿ, ಹ್ಯಾಂಡಲ್ ಕೊಳವೆಯ ಗುಂಟ ಕೋಲನ್ನು ಹಿಡಿದು ಅದು ನೆಲ ಮುಟ್ಟುವ ಕಡೆ ಗುರುತು ಹಾಕಿ. ಮುಂಚಕ್ರದ ಅಚ್ಚಿನಿಂದ ತೂಗುಗುಂಡು ಇಳಿಬಿಟ್ಟು ಇನ್ನೊಂದು ಗುರುತು ಹಾಕಿ. ನಡುವಿನ ಅಂತರವೇ ಟ್ರೇಲ್. ಅನಂತರ ಸಮತಟ್ಟಾದ, ವಾಹನ ಓಡಾಡದ ಅಂಗಳದಲ್ಲಿ ನಿಧಾನ ವೇಗದಿಂದ ಬ್ರೇಕು ಹಿಡಿದು ನಿಲ್ಲುವ ದೂರವನ್ನು ಅಳೆಯಿರಿ. ಅದೇ ವೇಗದಲ್ಲಿ ರಿಮ್ಮಿಗೆ ನೀರು ಹನಿಸಿ ಮತ್ತೊಮ್ಮೆ ಅಳೆಯಿರಿ. ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕ ಬರೆದರೆ, ಮಳೆಯಲ್ಲಿ ನಿಧಾನವಾಗಿ ಹೋಗಿ ಎಂಬ ಬುದ್ಧಿವಾದವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನನ್ನ ವಿದ್ಯಾರ್ಥಿ ಆ ಹಗುರ ಸೈಕಲ್ಲನ್ನು ದೀಪಾವಳಿಯ ಹೊತ್ತಿಗೆ ಮಾರಿದರು. ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಳಿತು. ಈಗ ಗಟ್ಟಿ ಫೋರ್ಕಿನ ಹೈಬ್ರಿಡ್ ಒಂದನ್ನು ತಂದಿದ್ದಾರೆ. ಕೊಳ್ಳುವಾಗ ಜೇಬಿನಲ್ಲಿ ಅಳತೆ ಟೇಪು ಒಯ್ದಿದ್ದರಂತೆ. ಅಂಗಡಿಯವರು ನಕ್ಕರಂತೆ. ನಗಲಿ, ಜೂನ್ ಬರುತ್ತದೆ.